ಮುಷ್ಟಿಮಲ್ಲ ಜೋ ಲೂಯಿಸ್

ಮಗನು ಪಿಟೀಲು ಕಲಿಯಲೆಂದು ಡೆಟ್ರಾಯಿಟ್ ನಗರದ ಬಡ ತಾಯಿಯೊಬ್ಬಳು ಕೊಟ್ಟ ಹಣವು ಮುಷ್ಟಿಯುದ್ಧದ ಗರಡಿಯನ್ನು ಸೇರಿತು. ಪಿಟೀಲಿಗಾದ ನಷ್ಟವೇನೋ ತಿಳಿಯದು. ಮುಷ್ಟಿಯುದ್ಧಕ್ಕೆ ಮಾತ್ರ ಜೋ ಲೂಯಿಸ್ ದೊರೆತನು.

ಈತನು ಹುಟ್ಟಿದ್ದು 1914ರಲ್ಲಿ, ಅಲಬಾಮದ ಹತ್ತಿಯ ಹೊಲಗಳ ನಡುವೆ, ಗೇಣಿಗೆ ದುಡಿಯುವ ಕಪ್ಪು ಜನರ ಮನೆಯಲ್ಲಿ. ಹನ್ನೆರಡನೆಯ ವಯಸ್ಸಿಗೆ ಸಂಸಾರವು ಡೆಟ್ರಾಯಿಟ್‌ಗೆ ಬಂದಿತು. 1934ರಲ್ಲಿ ಅವನು ವೃತ್ತಿಗಿಳಿದಾಗ ಗುರು ಜ್ಯಾಕ್ ಬ್ಲ್ಯಾಕ್‌ಬರ್ನ್ ಮುಷ್ಟಿಯ ವರಸೆಗಳನ್ನು ಕಲಿಸಿದನು. ವ್ಯವಸ್ಥಾಪಕರು ಇನ್ನೊಂದು ಪಾಠವನ್ನು ಕಲಿಸಿದರು. ಬಿದ್ದ ಬಿಳಿಯನ ಮುಂದೆ ಹಿಗ್ಗಬಾರದು, ಬಿಳಿಯ ಹೆಂಗಸರೊಡನೆ ಚಿತ್ರ ತೆಗೆಸಿಕೊಳ್ಳಬಾರದು! ಗೆದ್ದವನು ನಗುವುದಕ್ಕೂ ಅಂಜಬೇಕಾದ ಕಾಲವದು.

1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಎದುರಾದನು. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಕ್ಕಿಳಿಸುವನೆಂಬುದನ್ನು ಚಲನಚಿತ್ರಗಳಲ್ಲಿ ನೋಡಿ ಗುರುತಿಸಿಕೊಂಡಿದ್ದ ಆ ಚತುರನು, ಅದೇ ಎಡೆಯಲ್ಲಿ ಬಲಗೈಯ ಏಟುಗಳನ್ನಿಟ್ಟು ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ಕೆಡವಿದನು. ಮರುವರ್ಷ ಲೂಯಿಸ್ ಬ್ರ್ಯಾಡಕ್‌ನನ್ನು ಸೋಲಿಸಿ ಜಗಜ್ಜೆಟ್ಟಿಯಾದರೂ ಆ ಸೋಲಿನ ಮುಳ್ಳು ಹೋಗಲಿಲ್ಲ.

1938ರ ಜೂನ್ 22ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಸುಮಾರು 70,000 ಜನ ಸೇರಿದ್ದರು. ಹಿಟ್ಲರನ ಪ್ರಚಾರಕರು ಷ್ಮೆಲಿಂಗ್‌ನನ್ನು ತಮ್ಮ ಜನಾಂಗದ ಹಿರಿಮೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದರು. ತನ್ನ ಕಪ್ಪು ಮಕ್ಕಳಿಗೆ ಸರಿಸಮನಾದ ಸ್ಥಾನವನ್ನು ಕೊಡದ ಅಮೆರಿಕವು ಅಂದು ಕಪ್ಪು ಮುಷ್ಟಿಯನ್ನೇ ನಂಬಿ ಕುಳಿತಿತ್ತು. ಗಂಟೆ ಬಾರಿಸಿತು. ಲೂಯಿಸ್ ಕಾಯಲಿಲ್ಲ. ಹಗ್ಗಕ್ಕೊರಗಿದ ಎದುರಾಳಿಯ ಪಕ್ಕೆಗೆ ಬಿದ್ದ ಏಟಿಗೆ ಅವನು ಚೀರಿದ್ದು ಸುತ್ತಲಿದ್ದವರಿಗೆ ಕೇಳಿಸಿತು. ಮೂರು ಬಾರಿ ಬಿದ್ದನು. 124 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದಿತ್ತು.

ಆದರೆ ಷ್ಮೆಲಿಂಗ್ ನಾತ್ಸಿ ಪಕ್ಷವನ್ನು ಸೇರಿದವನಲ್ಲ. ಅವನ ವ್ಯವಸ್ಥಾಪಕನು ಯಹೂದ್ಯನು. ಅದೇ ವರ್ಷದ ನವೆಂಬರಿನಲ್ಲಿ ಯಹೂದ್ಯರ ಮೇಲೆ ದಾಳಿಯಾದಾಗ ಇಬ್ಬರು ಯಹೂದ್ಯ ಹುಡುಗರನ್ನು ಅವನು ತನ್ನ ಕೋಣೆಯಲ್ಲಿ ಅಡಗಿಸಿಟ್ಟು ಕಾಪಾಡಿದನು.

ಲೂಯಿಸ್ ಪ್ರಶಸ್ತಿಯನ್ನು ಹನ್ನೆರಡು ವರ್ಷಗಳಿಗೆ ಸಮೀಪಿಸುವಷ್ಟು ಕಾಲ, 25 ಬಾರಿ ಉಳಿಸಿಕೊಂಡನು. 1942ರಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ನೌಕಾಪಡೆಯ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗಿತ್ತು ತಾನೂ ಸೈನಿಕನಾದನು. ಕೊಡುಗೈಯವನಿಗೆ ಲೆಕ್ಕ ತಿಳಿಯದು. ಸರ್ಕಾರಕ್ಕೆ ಲೆಕ್ಕವಲ್ಲದೆ ಬೇರೇನೂ ತಿಳಿಯದು. ತೆರಿಗೆಯ ಬಾಕಿ ಬಡ್ಡಿಯೊಡನೆ ಬೆಳೆದು ಹತ್ತು ಲಕ್ಷ ಡಾಲರನ್ನು ಮೀರಿತು. 1949ರಲ್ಲಿ ನಿವೃತ್ತನಾದವನು ಸಾಲಕ್ಕಾಗಿ ಮತ್ತೆ ಕಣಕ್ಕಿಳಿಯಬೇಕಾಯಿತು. 1951ರ ಅಕ್ಟೋಬರಿನಲ್ಲಿ ತರುಣ ರಾಕಿ ಮಾರ್ಸಿಯಾನೋ ಅವನನ್ನು ಎಂಟನೆಯ ಸುತ್ತಿನಲ್ಲಿ ಹಗ್ಗದಾಚೆಗೆ ಕೆಡವಿದನು. ಆಮೇಲೆ ಕುಸ್ತಿಯ ಪ್ರದರ್ಶನ, ಕೊನೆಗೆ ಲಾಸ್ ವೇಗಾಸ್‌ನ ಜೂಜುಮನೆಯೊಂದರಲ್ಲಿ ಅತಿಥಿಗಳ ಕೈಕುಲುಕುವ ಕೆಲಸ.

ಮುಂದೆ ಜರ್ಮನಿಯಲ್ಲಿ ಪಾನೀಯದ ವ್ಯಾಪಾರದಿಂದ ಅನುಕೂಲಸ್ಥನಾಗಲಿದ್ದ ಷ್ಮೆಲಿಂಗ್, 1954ರಲ್ಲಿ ಹಳೆಯ ಎದುರಾಳಿಯನ್ನು ಹುಡುಕಿಕೊಂಡು ಬಂದನು. ಅಂದು ಕೂಡಿದ ಸ್ನೇಹವು ಕಡೆಯವರೆಗೂ ಕಡಿಯಲಿಲ್ಲ. 1981ರ ಏಪ್ರಿಲ್ 12ರಂದು ಲೂಯಿಸ್ ತೀರಿಕೊಂಡು, ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಮಣ್ಣಾದಾಗ, ಅಂತ್ಯಕ್ರಿಯೆಯ ವೆಚ್ಚದಲ್ಲಿ ಒಂದು ಪಾಲನ್ನು ಕೊಟ್ಟವನು ಷ್ಮೆಲಿಂಗ್.