ಹೊಸ ಕಾರಿನ ಕೀಲೆಣ್ಣೆ



ಹೊಸದಾಗಿ ಕಾರು ಕೊಂಡವರು ಎಂಜಿನ್ನಿನ ಎಣ್ಣೆಯನ್ನು ಮರೆಯುವುದು ಅಪರೂಪ. ಅದನ್ನು ಅಳೆದು ನೋಡಲು ಕಡ್ಡಿಯುಂಟು, ಒತ್ತಡ ತಗ್ಗಿದರೆ ಎಚ್ಚರಿಸಲು ಕೆಂಪು ದೀಪವುಂಟು. ಆದರೆ ಹಿಂದಿನ ಚಕ್ರಗಳಿಂದ ಓಡುವ ವಾಹನಗಳಲ್ಲಿ, ಆ ಎರಡು ಚಕ್ರಗಳ ನಡುವೆ, ಗುಂಡನೆಯ ಲೋಹದ ಕವಚದೊಳಗೆ ಇನ್ನೊಂದು ಎಣ್ಣೆ ಕಣ್ಣಿಗೆ ಬೀಳದೆ ದುಡಿಯುತ್ತಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಅದೇ ಡಿಫರೆನ್ಷಿಯಲ್‌ನ ಗೇರ್ ಎಣ್ಣೆ. ಹೊಸ ವಾಹನದಲ್ಲಿ ಈ ಎಣ್ಣೆಯನ್ನು ಮೊದಲ ಸಲ ಯಾವಾಗ ಬದಲಾಯಿಸಬೇಕು ಎಂಬುದು ಈ ಹೊತ್ತಿನ ವಿಷಯ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಕೀಲೆಣ್ಣೆ ಎಂಬ ಮಾತು ಮೋಟಾರು ಬರುವ ಮೊದಲೇ ನಮ್ಮ ನುಡಿಯಲ್ಲಿತ್ತೆಂಬುದೇ ಅದಕ್ಕೆ ನನ್ನ ಸಮಾಧಾನ.

ನಮ್ಮ ಎತ್ತಿನ ಗಾಡಿಯಿಂದಲೇ ಆರಂಭಿಸೋಣ. ಗಾಡಿಯ ಅಚ್ಚು ತಿರುಗುವುದಿಲ್ಲ; ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದಾರಿ ನಡೆಯುತ್ತದೆ, ಒಳಗಿನದು ಕಡಿಮೆ ನಡೆಯುತ್ತದೆ. ಎಳೆಯುವುದು ಎತ್ತುಗಳಾದ್ದರಿಂದ ಚಕ್ರಗಳಿಗೆ ಯಾವ ತೊಡಕೂ ಇಲ್ಲ. ಎಂಜಿನ್ ಬಂದಮೇಲೆ ಸ್ಥಿತಿ ಬದಲಾಯಿತು. ಈಗ ಚಕ್ರಗಳನ್ನೇ ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಟೈರು ನೆಲಕ್ಕೆ ಉಜ್ಜಿಕೊಂಡೇ ಸಾಗಬೇಕು. ಎರಡು ಚಕ್ರಗಳ ನಡುವಣ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಒಂದು ಮೂಲೆ ತಿರುಗುವಷ್ಟರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 2.35 ಮೀಟರ್ ಹೆಚ್ಚು ಓಡುತ್ತದೆ. ಎಂದರೆ ಸಾಧಾರಣ ಟೈರಿನ ಒಂದು ಸುತ್ತಿಗಿಂತಲೂ ಹೆಚ್ಚು. ಈ ವ್ಯತ್ಯಾಸಕ್ಕೆ ಎಡೆಮಾಡಿಕೊಟ್ಟು, ಎರಡು ಚಕ್ರಗಳಿಗೂ ಬಲವನ್ನು ಹಂಚುವ ಹಲ್ಲುಚಕ್ರಗಳ ಏರ್ಪಾಡೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ 1820ರ ದಶಕದ ಕೊನೆಯಲ್ಲಿ ತನ್ನ ಉಗಿಬಂಡಿಗಾಗಿ ಇಂಥ ಏರ್ಪಾಡನ್ನು ರೂಪಿಸಿದನು.

ಈ ಕವಚದೊಳಗೆ ಹೆಚ್ಚಿನ ಭಾರವನ್ನು ಹೊರುವ ಜೋಡಿಗೆ ನಮ್ಮ ಮೆಕ್ಯಾನಿಕ್ಕರು ಕ್ರೌನ್–ಪಿನಿಯನ್ ಎನ್ನುತ್ತಾರೆ. ಪಿನಿಯನ್ ಚಿಕ್ಕ ಹಲ್ಲುಚಕ್ರ, ಕ್ರೌನ್ ದೊಡ್ಡದು. ಚಿಕ್ಕದಕ್ಕೆ ಹತ್ತು ಹಲ್ಲು, ದೊಡ್ಡದಕ್ಕೆ 41 ಹಲ್ಲು ಎಂದುಕೊಳ್ಳಿ. ನಲವತ್ತಕ್ಕೆ ಬದಲಾಗಿ 41 ಏಕೆ? ನಲವತ್ತಾಗಿದ್ದರೆ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಅವೇ ನಾಲ್ಕು ಹಲ್ಲುಗಳನ್ನು ಮತ್ತೆ ಮತ್ತೆ ಸಂಧಿಸುತ್ತಿತ್ತು. 41 ಆದಾಗ ಅದು ಎಲ್ಲ ಹಲ್ಲುಗಳನ್ನೂ ಸರದಿಯಂತೆ ಮುಟ್ಟಿ, ಸವೆತ ಎಲ್ಲೆಡೆ ಸಮನಾಗಿ ಹರಡುತ್ತದೆ. ಎರಡು ಮೀಟರ್ ಸುತ್ತಳತೆಯ ಟೈರು ಒಂದು ಕಿಲೋಮೀಟರಿಗೆ 500 ಸುತ್ತು ಸುತ್ತುತ್ತದೆ. ಅಷ್ಟರಲ್ಲಿ ಪಿನಿಯನ್ 2,050 ಸುತ್ತು ಸುತ್ತಿರುತ್ತದೆ. ಮೊದಲ ಸಾವಿರ ಕಿಲೋಮೀಟರ್ ಮುಗಿಯುವ ಹೊತ್ತಿಗೆ ಅದರ ಒಂದೊಂದು ಹಲ್ಲೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಾರಿ ಎದುರಿನ ಹಲ್ಲನ್ನು ಒತ್ತಿ ತಳ್ಳಿರುತ್ತದೆ.

ಈ ಹಲ್ಲುಗಳ ಆಕಾರವೂ ವಿಶಿಷ್ಟವಾದುದು. 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಹೈಪಾಯ್ಡ್ ಎಂಬ ಮಾದರಿ ಬಳಕೆಗೆ ಬಂತು. ಇದರಲ್ಲಿ ಪಿನಿಯನ್, ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕುಳಿತಿರುತ್ತದೆ. ಹಾಗಾಗಿ ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡವನ್ನೂ, ಅದರೊಡನೆ ಕಾರಿನ ನೆಲವನ್ನೂ ತಗ್ಗಿಸಬಹುದು, ಸದ್ದೂ ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಆ ಒತ್ತಡಕ್ಕೂ ಕಾವಿಗೂ ಸಾಧಾರಣ ಎಣ್ಣೆಯ ಪದರ ಹರಿದುಹೋಗುತ್ತದೆ. ಆದ್ದರಿಂದಲೇ ಈ ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸುತ್ತಾರೆ. ಅವು ಕಾದ ಲೋಹದೊಡನೆ ಸೇರಿ ತೆಳುವಾದ ರಕ್ಷಾಕವಚವನ್ನು ಕಟ್ಟುತ್ತವೆ. ಗೇರ್ ಎಣ್ಣೆಯ ಘಾಟು ವಾಸನೆಗೆ ಆ ಗಂಧಕವೇ ಮುಖ್ಯ ಕಾರಣ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಹೊಸ ಬೀಸುಕಲ್ಲನ್ನು ತಂದ ಮನೆಯಲ್ಲಿ ಮೊದಲು ಬೀಸಿದ ಹಿಟ್ಟನ್ನು ಯಾರೂ ರೊಟ್ಟಿಗೆ ಬಳಸುವುದಿಲ್ಲ. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಹೊಸ ಹಲ್ಲುಚಕ್ರಗಳ ಸ್ಥಿತಿಯೂ ಅದೇ. ಕಾರ್ಖಾನೆಯಲ್ಲಿ ಎಷ್ಟೇ ನಯಗೊಳಿಸಿದ್ದರೂ ಅವುಗಳ ಮೈಯಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳು ಉಳಿದಿರುತ್ತವೆ. ಆರಂಭದ ಓಟದಲ್ಲಿ ಆ ಏರುಗಳು ಸವೆದು, ಹಲ್ಲಿಗೆ ಹಲ್ಲು ಹೊಂದಿಕೊಳ್ಳುತ್ತದೆ. ಸವೆದ ಪುಡಿ ಎಲ್ಲಿಗೆ ಹೋಗಬೇಕು? ಎಂಜಿನ್ನಿನಲ್ಲಾದರೆ ಎಣ್ಣೆಯನ್ನು ಸೋಸಲು ಫಿಲ್ಟರ್ ಇದೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಫಿಲ್ಟರ್ ಇರುವುದಿಲ್ಲ. ಕೆಲವು ವಾಹನಗಳ ಬಿರಡೆಯಲ್ಲಿ ಅಯಸ್ಕಾಂತವಿದ್ದು ಒಂದಿಷ್ಟು ಪುಡಿಯನ್ನು ಹಿಡಿದಿಡುತ್ತದೆ. ಉಳಿದದ್ದು ಎಣ್ಣೆಯೊಡನೆ ಸುತ್ತುತ್ತ ಬೇರಿಂಗುಗಳನ್ನೂ ಹಲ್ಲುಗಳನ್ನೂ ಉಜ್ಜುತ್ತಿರುತ್ತದೆ. ಮೊದಲ ಎಣ್ಣೆ ಬದಲಾವಣೆಯೇ ಈ ಯಂತ್ರಕ್ಕೆ ಫಿಲ್ಟರ್ ಎಂಬುದನ್ನು ನೆನಪಿಟ್ಟರೆ ಉಳಿದೆಲ್ಲವೂ ತಾನಾಗಿ ತಿಳಿಯುತ್ತದೆ.

ಹಾಗಾದರೆ ಯಾವಾಗ? ವಾಹನದ ಜೊತೆ ಬಂದ ಕೈಪಿಡಿಯ ಮಾತೇ ಇಲ್ಲಿ ಮೊದಲನೆಯದು. ಅದರಲ್ಲಿ ಸಾವಿರ ಅಥವಾ ಒಂದೂವರೆ ಸಾವಿರ ಕಿಲೋಮೀಟರಿಗೆ ಬದಲಾಯಿಸಿರೆಂದು ಬರೆದಿದ್ದರೆ ಅದನ್ನು ತಪ್ಪಿಸಬಾರದು. ಈಚಿನ ಹಲವು ಕೈಪಿಡಿಗಳು ಬಹಳ ದೀರ್ಘವಾದ ಅವಧಿಯನ್ನು ಕೊಡುತ್ತವೆ. ಕೆಲವಂತೂ ವಾಹನದ ಆಯುಷ್ಯಕ್ಕೆಲ್ಲ ಅದೇ ಎಣ್ಣೆ ಸಾಕೆನ್ನುತ್ತವೆ. ಇದು ಪೊಳ್ಳು ಮಾತಲ್ಲ. ಹಲ್ಲುಗಳನ್ನು ಕೊರೆದು ನಯಗೊಳಿಸುವ ಕಲೆ ಸುಧಾರಿಸಿದೆ, ಕೃತಕವಾಗಿ ತಯಾರಿಸಿದ ಎಣ್ಣೆಗಳು ಹೆಚ್ಚು ಬಾಳುತ್ತವೆ. ಆದರೂ ಆಯುಷ್ಯವೆಂದರೆ ಯಾರ ಲೆಕ್ಕದ ಆಯುಷ್ಯ ಎಂದು ಕೇಳಿಕೊಳ್ಳುವುದು ವಿವೇಕ. ಮೂರು ನಾಲ್ಕು ವರ್ಷಗಳಲ್ಲಿ ಕಾರನ್ನು ಮಾರುವವನ ಲೆಕ್ಕ ಒಂದು. ಸಾಲ ಮಾಡಿ ಬಾಡಿಗೆ ಗಾಡಿ ಕೊಂಡು, ಅದರಿಂದಲೇ ಸಂಸಾರ ನಡೆಸುತ್ತ, ಮೂರು ಲಕ್ಷ ಕಿಲೋಮೀಟರ್ ಓಡಿಸಬೇಕಾದವನ ಲೆಕ್ಕ ಇನ್ನೊಂದು. ಹೀಗೆ ಬಹುಕಾಲ ದುಡಿಸಬೇಕಾದವರು, ಭಾರ ಹೇರುವವರು, ಘಟ್ಟದ ದಾರಿಯಲ್ಲಿ ಓಡಿಸುವವರು ಕೈಪಿಡಿ ಏನೂ ಹೇಳದಿದ್ದರೂ ಸಾವಿರದಿಂದ ಐದು ಸಾವಿರ ಕಿಲೋಮೀಟರುಗಳೊಳಗೆ ಒಮ್ಮೆ ಬದಲಾಯಿಸುವುದು ಲೇಸು. ನೂರಿನ್ನೂರು ಕಿಲೋಮೀಟರಿಗೇ ಅವಸರಪಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಲ್ಲುಗಳು ಹೊಂದಿಕೊಳ್ಳುವ ಕೆಲಸ ಆಗಿನ್ನೂ ಮುಗಿದಿರುವುದಿಲ್ಲ. ಹೆಚ್ಚಿನ ವಾಹನಗಳಿಗೆ ಒಂದರಿಂದ ಮೂರು ಲೀಟರ್ ಎಣ್ಣೆ ಸಾಕು. ಕ್ರೌನ್–ಪಿನಿಯನ್ ಕೆಟ್ಟರೆ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಬೇಕು. ಓಟದ ನಡುವೆ ಅದು ಬಿಗಿದುಕೊಂಡರೆ ಹಿಂದಿನ ಚಕ್ರಗಳು ನಿಂತು ಪ್ರಾಣಕ್ಕೇ ಸಂಚಕಾರ. ಎರಡು ಖರ್ಚುಗಳನ್ನೂ ತೂಗಿನೋಡಿ.

ಇಲ್ಲೊಂದು ಭೇದವನ್ನು ತಿಳಿಸಬೇಕು. ಮುಂದಿನ ಚಕ್ರಗಳಿಂದ ಓಡುವ ಬಹುಪಾಲು ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಡನೆ ಕೂಡಿಕೊಂಡಿದ್ದು, ಸಾಮಾನ್ಯವಾಗಿ ಎರಡಕ್ಕೂ ಎಣ್ಣೆ ಒಂದೇ. 1983ರಲ್ಲಿ ಬಂದ ಮಾರುತಿ 800 ಈ ಬಗೆಯದು. ಹೈಪಾಯ್ಡ್ ಹಲ್ಲುಗಳಿಗೆ ಸಾಧಾರಣವಾಗಿ ಜಿಎಲ್–5 ಎಂಬ ದರ್ಜೆಯ ಎಣ್ಣೆ ಬೇಕು. ಅದನ್ನು ಜಿಎಲ್–4 ಕೇಳುವ ಗೇರ್‌ಬಾಕ್ಸಿಗೆ ಹಾಕಿದರೆ ಅಲ್ಲಿನ ಹಿತ್ತಾಳೆಯ ಭಾಗಗಳಿಗೆ ಹಾನಿಯಾಗಬಹುದು. ಕೈಪಿಡಿ ಹೇಳಿದ ದರ್ಜೆಯನ್ನೇ ಕೇಳಿ ಕೊಳ್ಳಿರಿ, ರಸೀತಿಯನ್ನು ಜೋಪಾನಮಾಡಿರಿ. ಗ್ಯಾರಂಟಿಯ ಮಾತು ಬಂದಾಗ ಅದು ನೆರವಾಗುತ್ತದೆ.

ಕೆಲಸ ಮಾಡಿಸುವಾಗ ಹತ್ತಿರ ನಿಂತು ನೋಡುವುದರಲ್ಲಿ ಸಂಕೋಚ ಬೇಡ. ಸ್ವಲ್ಪ ದೂರ ಓಡಿಸಿ ತಂದರೆ ಎಣ್ಣೆ ಬೆಚ್ಚಗಾಗಿ ಪುಡಿಯೊಡನೆ ಸರಾಗವಾಗಿ ಇಳಿಯುತ್ತದೆ. ಮೊದಲು ಮೇಲಿನ, ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಿಸಿರಿ, ಆಮೇಲೆ ಕೆಳಗಿನದನ್ನು. ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನ ಬಿರಡೆ ಕದಲದೆ ಹೋದರೆ ವಾಹನ ಅಲ್ಲಿಯೇ ನಿಲ್ಲಬೇಕಾದೀತು. ಇಳಿದ ಎಣ್ಣೆಯನ್ನು ಪರೀಕ್ಷಿಸಿರಿ. ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರು ಇದ್ದರೆ ಭಯವಿಲ್ಲ. ಅದು ಹೊಂದಿಕೊಂಡುದರ ಕುರುಹು. ಉಗುರಿಗೆ ತಗಲುವಂಥ ಚೂರುಗಳಿದ್ದರೆ ಕವಚವನ್ನು ಬಿಚ್ಚಿ ನೋಡಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಮಳೆಗಾಲದಲ್ಲಿ ಚಕ್ರ ಮುಳುಗುವಷ್ಟು ನೀರಿನಲ್ಲಿ ಹಾಯ್ದು ಬಂದ ವಾಹನದಲ್ಲಿ, ಕಿಲೋಮೀಟರುಗಳ ಲೆಕ್ಕ ಬಿಟ್ಟು, ಕೂಡಲೇ ಎಣ್ಣೆಯನ್ನು ನೋಡಿಸಬೇಕು. ಹೊಸ ಎಣ್ಣೆಯನ್ನು ವಾಹನ ಸಮನೆಲದಲ್ಲಿರುವಾಗ ಕೈಪಿಡಿ ಹೇಳಿದ ಮಟ್ಟಕ್ಕೆ ತುಂಬಬೇಕು. ಅನೇಕ ವಾಹನಗಳಲ್ಲಿ ತುಂಬುವ ರಂಧ್ರದ ಅಂಚೇ ಆ ಮಟ್ಟ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಕೀಲೆಣ್ಣೆ ಒಣಗಿದರೆ ಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು. ಊರೆಲ್ಲ ಕೇಳುವಂತೆ ಒಡೆಯನನ್ನು ಎಚ್ಚರಿಸುತ್ತಿತ್ತು. ಡಿಫರೆನ್ಷಿಯಲ್ ಹಾಗಲ್ಲ. ಅದು ಬಹುಕಾಲ ಮೌನವಾಗಿ ಸಹಿಸುತ್ತದೆ. ಅದರ ಗೋಳು ನಮಗೆ ಕೇಳಿಸುವ ಹೊತ್ತಿಗೆ ಹಲ್ಲುಗಳು ಸವೆದು, ಎಣ್ಣೆಯಿಂದ ಆಗುವ ಉಪಕಾರದ ಕಾಲ ಕಳೆದಿರುತ್ತದೆ. ಆದಕಾರಣ ಅದು ಕೂಗುವವರೆಗೆ ಕಾಯದೆ, ಹೊಸ ವಾಹನದ ಮೊದಲ ಸರ್ವಿಸಿಗೆ ಹೋದಾಗಲೇ ಹಿಂದಿನ ಕವಚದ ಎಣ್ಣೆಯ ಮಾತನ್ನು ನೀವಾಗಿಯೇ ಎತ್ತಿರಿ.