ಪೀತಾಂಬರದ ನೆರಿಗೆಗೆ ನೆರಳು

ಚೌತಿ ಹತ್ತಿರವಾದಂತೆ ಉಡುಪಿ, ಕಾಪು, ಕಾರ್ಕಳ ಕಡೆಯ ಗಣಪತಿ ಮಾಡುವ ಮನೆಗಳಲ್ಲಿ ಆವೆಮಣ್ಣಿನ ಕೆಲಸ ಮುಗಿದು ಬಣ್ಣದ ಕೆಲಸ ಶುರುವಾಗುತ್ತದೆ. ಮನೆಯಲ್ಲಿ ಕೂರಿಸುವ ಅಡಿಯೆತ್ತರದ ಗಣಪನಿಗೆ ತಾಳ್ಮೆಯಿಂದ ಬಣ್ಣ ಹಚ್ಚಬೇಕಾದ ಜಾಗವೆಂದರೆ ಪೀತಾಂಬರದ ನೆರಿಗೆ.

ಮಣ್ಣಿನಲ್ಲೇ ನೆರಿಗೆ ಕೊರೆದಿರುವಾಗ ನೆರಳನ್ನು ಮತ್ತೆ ಬಣ್ಣದಲ್ಲಿ ಬರೆಯುವುದೇಕೆ? ಉಟ್ಟ ಬಟ್ಟೆಯ ನೆರಿಗೆ ಬೆರಳು ಇಳಿಯುವಷ್ಟು ಆಳ. ಚಿಕ್ಕ ಮೂರ್ತಿಯಲ್ಲಿ ಅದು ಮೇಲುಮೇಲಿನ ಗೀರು ಮಾತ್ರ. ಜೊತೆಗೆ ಮೂರ್ತಿಗೆ ಹೋಲಿಸಿದರೆ ಬೆಳಕು ಬರುವ ಕಿಟಕಿಯೇ ದೊಡ್ಡದು. ಬೆಳಕು ಹಲವು ಕೋನಗಳಿಂದ ನುಗ್ಗಿ ಇದ್ದ ನೆರಳನ್ನೂ ತೆಳುವಾಗಿಸುತ್ತದೆ. ಒಂದೇ ಹಳದಿ ಬಳಿದು ಬಿಟ್ಟರೆ ಬಟ್ಟೆಯೆಲ್ಲ ಸಪಾಟು.

ಹಾಗಾಗಿ ಮೂಲಬಣ್ಣದ ಜೊತೆ ಒಂದು ಗಾಢ, ಒಂದು ತಿಳಿ ಬಣ್ಣ ಬೇಕು. ಇಟಲಿಯ ಚಿತ್ರಕಾರ ಚೆನ್ನೀನೊ ಚೆನ್ನೀನಿ ಸುಮಾರು 1400ರಲ್ಲಿ ಬರೆದ ಕೈಪಿಡಿಯಲ್ಲೂ ಉಡುಪು ಚಿತ್ರಿಸಲು ಹೇಳಿದ್ದು ಇದೇ ಮೂರು ಬಟ್ಟಲಿನ ಲೆಕ್ಕ. ಗಾಢವೆಂದು ಹಳದಿಗೆ ಕಪ್ಪು ಬೆರೆಸಿದರೆ ಮಾತ್ರ ಕೆಟ್ಟಿತು, ಅದು ಪಾಚಿಹಸಿರಿಗೆ ತಿರುಗುತ್ತದೆ. ಕಾವಿಯೋ ಕಂದೋ ಬೆರೆಸಿದರೆ ನೆರಳು ಬೆಚ್ಚಗಿರುತ್ತದೆ. ಕೆಂಪು ಶಲ್ಯಕ್ಕೆ ತಿಳಿಬಣ್ಣವೆಂದು ಬಿಳಿ ಸೇರಿಸಿದರೆ ಗುಲಾಬಿಯಾದೀತು. ಅಲ್ಲಿ ಕಿತ್ತಳೆ ಸರಿ.

ಇಂಗ್ಲೆಂಡಿನಲ್ಲಿ 1975ರಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಜನಪ್ರಿಯಗೊಳಿಸಿದ, ಸುಮಾರು 28 ಮಿಲಿಮೀಟರಿನ ಯೋಧರ ಬೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸಿಗಳದ್ದೂ ಇದೇ ಪಾಡು. ನಿಲುವಂಗಿಯ ಮೇಲೆ ನೀರುನೀರಾದ ಗಾಢ ಬಣ್ಣ ಹರಿಸುತ್ತಾರೆ. ಅದು ತಾನಾಗಿ ಮಡಿಕೆಗಳ ತಳದಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ, ಬಟ್ಟೆಗೆ ಒರೆಸಿ ಬಣ್ಣ ಇದೆಯೋ ಇಲ್ಲವೋ ಎಂಬಂತಾದ ಕುಂಚವನ್ನು ಮೇಲೆ ಆಡಿಸಿದರೆ ಉಬ್ಬುಗಳಿಗಷ್ಟೇ ತಿಳಿಬಣ್ಣ ಹತ್ತುತ್ತದೆ.

ಸುಡದ ಮಣ್ಣಿನ ಮೇಲೆ ಹೀಗೆ ನೀರು ಹರಿಸುವಂತಿಲ್ಲ, ಮೂರ್ತಿ ಹೀರಿಕೊಳ್ಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಒಪ್ಪುವುದು ವಿಷವಿಲ್ಲದ, ನೀರಿನಲ್ಲಿ ಕಲಸುವ ಬಣ್ಣಗಳನ್ನು. ಇಂಥ ಬಣ್ಣದಲ್ಲಿ ಕೆಳಗಿನ ಪದರ ಒಣಗುವ ಮುನ್ನ ಕುಂಚ ಆಡಿಸಿದರೆ ಎರಡೂ ಕಲಸಿ ರಾಡಿ. ಮಳೆಗಾಲದಲ್ಲಿ ಒಣಗುವುದೂ ನಿಧಾನ. ಏರ್‌ಬ್ರಷ್ ಇದ್ದವರಿಗೆ ಕೆಲಸ ಹಗುರ: ಕೆಳಗಿನಿಂದ ಗಾಢ, ಮೇಲಿನಿಂದ ತಿಳಿ ಸಿಂಪಡಿಸಿದರಾಯಿತು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ದಾರಿ ಬೇರೆ. ಅವರ ಮರದ ಬೊಂಬೆಗಳ ಮೇಲೆ ತವರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಉಜ್ಜಿ ಹೊಳಪು ತರುವ ಪದ್ಧತಿಯಿದೆ. ಬೊಂಬೆ ತಿರುಗಿಸಿದರೆ ಮಿಂಚೂ ಜಾಗ ಬದಲಿಸುತ್ತದೆ.

ಬಣ್ಣದಲ್ಲಿ ಬರೆದ ಬೆಳಕು ಹಾಗೆ ಕದಲದು. ಅದಕ್ಕೇ ಬೆಳಕು ಯಾವ ದಿಕ್ಕಿನದೆಂದು ಕಲಾವಿದ ಮೊದಲೇ ತೀರ್ಮಾನಿಸಬೇಕು. ಮೇಲಿನಿಂದ ಎಂದಾದರೆ ಗಣಪನ ಹೊಟ್ಟೆಯ ಕೆಳಗೆ, ಮಡಚಿದ ಕಾಲಿನ ಅಡಿಗೆ ಗಾಢ ಬಣ್ಣ. ಮೊಣಕಾಲಿನ ಉಬ್ಬಿಗೆ, ನೆರಿಗೆಯ ಅಂಚಿಗೆ ಒಂದೊಂದು ತಿಳಿಗೆರೆ.