ಬೀಗವಿಲ್ಲದ ಕಲ್ಲುಮನೆ

ಬೆಟ್ಟವನ್ನೇರಿದವನಿಗೆ ಮೊದಲು ಬೇಕಾಗುವುದು ಸುತ್ತಣ ದೃಶ್ಯವಲ್ಲ. ಹೊರೆಯನ್ನಿಳಿಸಲು ಒಂದು ಎಡೆ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ದಾರಿಯ ಪಕ್ಕದಲ್ಲಿ ಎದೆಯೆತ್ತರದ ಎರಡು ಕಲ್ಲುಗಳನ್ನು ನೆಟ್ಟು, ಮೇಲೊಂದು ಚಪ್ಪಡಿಯನ್ನು ಹಾಸಿ, ತಲೆಹೊರೆಯವನು ಅನ್ಯರ ನೆರವಿಲ್ಲದೆ ಭಾರವನ್ನಿಳಿಸಿ ಉಸಿರಾಡುವಂತೆ ಮಾಡಿದ್ದರು. ಅದೇ ಧರ್ಮದ ಕಟ್ಟಡವೊಂದನ್ನು ನಾನು ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳಲ್ಲಿ ಕಂಡೆ.

ಅಲ್ಲಿ ಯೊಸೆಮಿಟಿಯಿಂದ ಸುಮಾರು ೧೪,೫೦೦ ಅಡಿ ಎತ್ತರದ ವಿಟ್ನಿ ಶಿಖರದವರೆಗೆ ೨೦೦ ಮೈಲಿಗೂ ಮೀರಿದ ಕಾಲುದಾರಿಯೊಂದಿದೆ. ಅದಕ್ಕೆ ಜಾನ್ ಮ್ಯೂರನ ಹೆಸರು. ೧೮೩೮ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆತ ಈ ಪರ್ವತಗಳಲ್ಲಿ ಅಲೆದು, ಇವುಗಳ ರಕ್ಷಣೆಗಾಗಿ ಬರೆದು, ೧೮೯೨ರಲ್ಲಿ ಸ್ಥಾಪಿತವಾದ ಸಿಯೆರಾ ಕ್ಲಬ್ಬಿನ ಮೊದಲ ಅಧ್ಯಕ್ಷನಾದ. ಅವನಿಗೂ ಬಹು ಮೊದಲೇ ಮೂಲನಿವಾಸಿ ಪಯೂಟರು ಈ ಪರ್ವತಗಳನ್ನು ದಾಟುತ್ತಿದ್ದರು. ಆ ಮೂಲನಿವಾಸಿಗಳನ್ನು ಕುರಿತು ಮ್ಯೂರನು ಆಡಿದ ಹೀನಾಯದ ಮಾತುಗಳನ್ನು ೨೦೨೦ರಲ್ಲಿ ಆ ಸಂಘವೇ ಬಹಿರಂಗವಾಗಿ ಒಪ್ಪಿಕೊಂಡಿತು. ದೊಡ್ಡವರ ಹೆಸರಿನ ದಾರಿಯಲ್ಲಿ ನಡೆಯುವವನು ಇದನ್ನೂ ಅರಿತು ನಡೆಯಬೇಕು.

೧೨,೦೦೦ ಅಡಿಗೆ ತುಸುವೇ ಕಡಮೆಯಿರುವ ಮ್ಯೂರ್ ಕಣಿವೆಯ ನೆತ್ತಿಯಲ್ಲಿ, ೧೯೩೦ರಲ್ಲಿ ಆ ಸಂಘ ಕಟ್ಟಿಸಿದ ಕಲ್ಲುಮನೆಯಿದೆ. ಹಣ ಕೊಟ್ಟವನು ಜಾರ್ಜ್ ಫ್ರೆಡರಿಕ್ ಶ್ವಾರ್ಟ್ಸ್. ನಕ್ಷೆ ಬರೆದವನು ಹೆನ್ರಿ ಗಟರ್ಸನ್. ಮರವೇ ಬೆಳೆಯದ ಎತ್ತರದಲ್ಲಿ ತೊಲೆಯೆಲ್ಲಿಯದು? ಇಟಲಿಯ ಅಪೂಲಿಯ ಪ್ರಾಂತದ ಕಲ್ಲುಗುಡಿಸಲುಗಳನ್ನನುಸರಿಸಿ, ಒಂದೊಂದು ವರಸೆಯನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುತ್ತ, ಶಂಕುವಿನಾಕಾರದ ಮಾಡನ್ನು ಕಲ್ಲಿನಲ್ಲಿಯೇ ಮುಗಿಸಿದ್ದಾರೆ. ಹೊಯ್ಸಳ ಗುಡಿಗಳ ಒಳಛಾವಣಿಗಳನ್ನು ಕತ್ತೆತ್ತಿ ನೋಡಿದವರಿಗೆ ಈ ಉಪಾಯ ಹೊಸದಲ್ಲ.

ನಾನೂ ಮಗನೂ ಕಣಿವೆಯನ್ನೇರಿದ ಅಪರಾಹ್ನ, ಮ್ಯೂರನ ಹಿರಿಯ ಮಗಳ ಹೆಸರಿನ ವಾಂಡ ಸರೋವರವನ್ನು ದಾಟುತ್ತಿದ್ದಂತೆಯೇ ಗುಡುಗು ಮೊದಲಾಯಿತು. ಆಲಿಕಲ್ಲು ಮುಖಕ್ಕೆ ಬಡಿಯುತ್ತಿರಲು ಹೇಗೋ ಬಾಗಿಲನ್ನು ತಲಪಿದೆವು. ಬೀಗವಿರಲಿಲ್ಲ. ಒಳಗೆ ಗೋಡೆಯ ಸುತ್ತಣ ಕಲ್ಲುಜಗಲಿಯ ಮೇಲೆ ತರುಣನೊಬ್ಬನೂ ಅವನ ತಂಗಿಯೂ ಕುಳಿತಿದ್ದರು. ಹುಡುಗಿಯ ತುಟಿ ನೀಲಿಗಟ್ಟಿತ್ತು. ಪಾದರಕ್ಷೆಯ ದಾರವನ್ನು ಬಿಚ್ಚಲೂ ಬೆರಳುಗಳು ಬಾಗುತ್ತಿರಲಿಲ್ಲ. ಮಗನು ನೀರು ಕಾಯಿಸಿದ. ಒದ್ದೆ ಬಟ್ಟೆಯನ್ನು ತೆಗೆಸಿ ನನ್ನ ಉಣ್ಣೆಯಂಗಿಯನ್ನು ಅವಳಿಗೆ ತೊಡಿಸಿದೆವು.

ನನ್ನ ಕಣ್ಣು ಅಗ್ಗಿಷ್ಟಿಕೆಯನ್ನು ಅರಸಿತು. ಅದು ಇತ್ತು, ಆದರೆ ಮುಚ್ಚಲ್ಪಟ್ಟಿತ್ತು. “ಒಲೆಯನ್ನು ಮುಚ್ಚಿದವರದು ಎಂತಹ ಹೃದಯ!” ಎಂದು ಸಿಡುಕಿದೆ. ಮಗನು ಮೆಲ್ಲನೆ ಹೇಳಿದ: “ಉರಿಸುವುದೇನನ್ನು, ಅಪ್ಪ? ಕೆಳಗೆ ನೂರಾರು ವರ್ಷಗಳಲ್ಲಿ ಬೆಳೆದ ಕುಳ್ಳು ಮರಗಳನ್ನೇ? ಇಲ್ಲಿ ರಾತ್ರಿ ತಂಗುವುದೂ ನಿಷಿದ್ಧ. ಪ್ರಾಣಾಪಾಯವಿದ್ದವರಿಗೆ ಮಾತ್ರ ಎಡೆ. ಎಲ್ಲರೂ ತಂಗಿದರೆ ಈ ಕಣಿವೆ ಹೊಲಸಾಗಿಹೋಗುತ್ತದೆ.”

ನಾನು ಸುಮ್ಮನಾದೆ. ನಮ್ಮೂರಿನ ಛತ್ರ ನೆನಪಿಗೆ ಬಂತು. ಪುಣ್ಯಾತ್ಮರೊಬ್ಬರು ದಾರಿಗರಿಗಾಗಿ ಕಟ್ಟಿಸಿದ್ದ ಅದರ ಜಗಲಿ ಮೊದಲು ಅಂಗಡಿಯಾಯಿತು, ಅನಂತರ ಒಳಗೆ ಸಂಸಾರಗಳು ನೆಲಸಿದುವು. ಈಗ ದಾರಿಗನಿಗೆ ಅಲ್ಲಿ ನೆರಳೂ ಇಲ್ಲ. ದಾನವನ್ನು ಕೆಡಿಸಲು ಕಳ್ಳರೇ ಬೇಕಿಲ್ಲ. ಏಳಲೊಲ್ಲದ ಅತಿಥಿಗಳು ಸಾಕು. ಈ ಕಲ್ಲುಮನೆ ಎಲ್ಲರದಾಗಿ ಉಳಿದಿರುವುದು ಇದನ್ನು ಯಾರೂ ತಮ್ಮ ಮನೆ ಮಾಡಿಕೊಳ್ಳದ ಕಾರಣದಿಂದಲೇ.

ಒಂದು ಗಂಟೆಯಲ್ಲಿ ಹುಡುಗಿಯ ಮುಖಕ್ಕೆ ಬಣ್ಣ ಮರಳಿತು. ಮಾತು ಮಾತ್ರ ಇನ್ನೂ ತೊದಲುತ್ತಿತ್ತು. ಮಳೆಯೂ ನಿಂತಿತು. ಆ ರಾತ್ರಿ ಅಲ್ಲಿ ಉಳಿಯುವ ಹಕ್ಕು ಅವರದಾಗಿತ್ತು, ನಮ್ಮದಲ್ಲ. ನನ್ನ ಮೊಣಕಾಲುಗಳಾದರೋ ಬೇರೆಯೇ ವಾದ ಹೂಡಿದ್ದುವು. ಅವುಗಳ ಮಾತನ್ನು ಕೇಳದೆ ಹೊರೆಯನ್ನು ಬೆನ್ನಿಗೇರಿಸಿದೆ. ಹುಡುಗಿ ಉಣ್ಣೆಯಂಗಿಯನ್ನು ಕಳಚಹೋದಳು, ಬೇಡವೆಂದೆ.

ಇನ್ನೊಬ್ಬ ಮಗಳ ಹೆಸರಿನ ಹೆಲೆನ್ ಸರೋವರದ ಕಡೆಗೆ ಇಳಿಯತೊಡಗಿದಾಗ ಗಾಳಿ ಎದೆಯನ್ನೇ ಕೊರೆಯುತ್ತಿತ್ತು. ಮಗನು ಏನೂ ಹೇಳದೆ ತನ್ನ ಅಂಗಿಯನ್ನು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದ. ಹಿಂದಿರುಗಿ ನೋಡಿದೆ: ಕಲ್ಲುಮನೆ ಸುತ್ತಣ ಬಂಡೆಗಳಲ್ಲಿ ಒಂದಾಗಿತ್ತು, ಬಾಗಿಲ ಸಂದಿಯ ಸಣ್ಣ ಬೆಳಕೊಂದೇ ಅಲ್ಲಿ ಮನುಷ್ಯರಿರುವುದನ್ನು ಹೇಳುತ್ತಿತ್ತು.